ಪೂರ್ಣವಿರಾಮಕ್ಕೆ ಓಗೊಟ್ಟವರು

ಲಮೆಕ್ ನಾಮಲೊಂಬನನ್ನು ನಾನು ಮೊದಲು ಕಂಡ ದಿನ ಅವನು ಒಂದು ಕೋಳಿಯ ಮುಂದೆ ನಿಂತು ಇಂಗ್ಲಿಷ್ ಓದುತ್ತಿದ್ದ. ಕೊರಳಲ್ಲಿ ಟೈ ಇತ್ತು. ಮೊದಲ ವಾಕ್ಯವನ್ನು ಕೋಳಿ ಮರ್ಯಾದೆಯಿಂದ ಕೇಳಿತು, ಎರಡನೆಯದಕ್ಕೆ ಎದ್ದುಹೋಯಿತು. (ಜೀವನವೆಲ್ಲ ಪಾಠ ಹೇಳಿದ ನನಗೆ ಇದೇನೂ ಹೊಸದಲ್ಲ.)

ನಾನು ಬಂದು ನೆಲಸಿರುವ ಈ ಪರದೇಶದಲ್ಲಿ, ಜೊಂಬಾ ಬೆಟ್ಟದ ಮೇಲಿನ ಹೆಣ್ಣುಮಕ್ಕಳ ಶಾಲೆಗೆ ಇಂಗ್ಲಿಷ್ ಮೇಷ್ಟರೊಬ್ಬರು ಬೇಕಾಗಿದ್ದರು. ಮೇಷ್ಟರ ಮಕ್ಕಳಿಗೆ ಅಲ್ಲಿ ಓದೂ ಪುಕ್ಕಟೆ, ಊಟವೂ ಪುಕ್ಕಟೆ. ಲಮೆಕ್‌ನ ಮಗಳು ಥೋಕೊ ಪ್ರಾಥಮಿಕ ಶಾಲೆ ಮುಗಿಸಿ ಮನೆಯಲ್ಲಿ ಕುಳಿತಿದ್ದಳು. ಈ ಕೆಲಸ ಸಿಕ್ಕದಿದ್ದರೆ ಅವಳ ಓದು ಅಲ್ಲಿಗೇ ನಿಂತಂತೆ. ಪರೀಕ್ಷೆಯಲ್ಲಿ ಒಂದು ಪುಟ್ಟ ನೀತಿಕತೆಯನ್ನು ಗಟ್ಟಿಯಾಗಿ ಓದಬೇಕು. ಉಚ್ಚಾರ ಶುದ್ಧವಾಗಿರಬೇಕು, ದನಿಯ ಏರಿಳಿತ ಸರಿಯಾಗಿರಬೇಕು. ಗೀಜಗನ ಗೂಡಿಗೆ ಮರುಳಾದ ನೀರಾನೆಯೊಂದು ತನಗೂ ಅಂಥದೇ ಮನೆ ಬೇಕೆಂದು ಹಟ ಹಿಡಿದು, ಕೊನೆಗೆ ಕೊಂಬೆಸಮೇತ ಹೊಳೆಗೆ ಬೀಳುವ ಕತೆ. ಓದು ತಿದ್ದಿಕೊಡಿ ಎಂದು ಲಮೆಕ್ ನನ್ನನ್ನು ಕೇಳಿಕೊಂಡ.

"ವಾಕ್ಯ ಮುಗಿದಾಗ ದನಿ ಇಳೀಬೇಕು ಲಮೆಕ್. ತುಂಬಿದ ಕೊಡ ನೆಲಕ್ಕೆ ಇಳಿಸ್ತೀವಲ್ಲ, ಹಾಗೆ," ಎಂದೆ.

"ಇಳಿಸೋಕೆ ಬಿಡೋರು ಯಾರು ಮೇಷ್ಟ್ರೇ? ಒಂದ್ಸಲ ನಮ್ಮನೆ ಒಲೆ ಹತ್ರ ಬಂದು ನೋಡಿ."

ಇಲ್ಲಿ ಗಂಡನಾದವನು ಹೆಂಡತಿಯ ಊರಿಗೆ ಬಂದು ಬಾಳುವುದು ವಾಡಿಕೆ. ಮನೆಯಳಿಯ ಅತ್ತೆಗೆ ಎದುರಾಡುವಂತಿಲ್ಲ. ನೇರವಾಗಿ ಮಾತಾಡುವುದೂ ಅಷ್ಟಕ್ಕಷ್ಟೆ. ಲಮೆಕ್‌ನ ಅತ್ತೆ ಇಡೀ ಬೀದಿಗೆ 'ಅಗೋಗೊ', ಅಂದರೆ ಅಜ್ಜಿ. ಕತೆಯೆಂದರೆ ಅಗೋಗೊಗೆ ಪ್ರಾಣ. ಕತೆ ಹೇಳುವವನು ವಾಕ್ಯದ ಕೊನೆಗೆ ದನಿ ಎತ್ತಿ ನಿಲ್ಲಬೇಕು, ಕೇಳುವವರೆಲ್ಲ ಒಟ್ಟಾಗಿ "ತಿಲಿ ತೊನ್ಸೆ!", ನಾವೆಲ್ಲ ಇದ್ದೇವೆ, ಎಂದು ಓಗೊಡಬೇಕು. ನಾವು ಹೂಂಗುಟ್ಟುವ ಹಾಗೆಯೇ. ಆದರೆ ನಮ್ಮದು ಮೂಗಿನಲ್ಲಿ, ಅವರದು ಮಾಡು ಹಾರುವಂತೆ.

ಆ ಸಂಜೆ ಹೋದಾಗ ಲಮೆಕ್‌ನ ಹೆಂಡತಿ ಎನೆಲೆಸಿ ನ್ಸಿಮಾ ಎಂಬ ಮೆಕ್ಕೆಜೋಳದ ಮುದ್ದೆ ತೊಳಸುತ್ತಿದ್ದಳು. ಹೊಳೆಯಲ್ಲೊಂದು ನೀರಾನೆ ಇತ್ತೆಂದು ಲಮೆಕ್ ಇಂಗ್ಲಿಷಿನಲ್ಲಿ ಓದಿ ದನಿ ಇಳಿಸುವಷ್ಟರಲ್ಲಿ ಮೂಲೆಯಿಂದ ಗುಡುಗಿತು:

"ತಿಲಿ ತೊನ್ಸೆ!"

"ಥೋಕೊ ಅಮ್ಮಾ, ನಿಮ್ಮಮ್ಮಂಗೆ ಹೇಳು. ಇದು ಕತೆ ಅಲ್ಲ, ಪರೀಕ್ಷೆ," ಎಂದ ಲಮೆಕ್ ಹೆಂಡತಿಗೆ, ಗೋಡೆ ನೋಡುತ್ತ.

ಅಗೋಗೊ ಕೂಡ ಗೋಡೆಯನ್ನೇ ನೋಡಿದಳು. "ನಿನ್ನ ಗಂಡನ್ನ ಕೇಳು. ಅದರಲ್ಲಿ ನೀರಾನೆ ಇದೆಯೋ ಇಲ್ವೋ?"

"ಇದೆ," ಎಂದಳು ಎನೆಲೆಸಿ.

"ಹಕ್ಕಿ?"

"ಅದೂ ಇದೆ."

"ಎರಡೂ ಮಾತಾಡ್ತವೋ?"

"ಬೇಕಾದಷ್ಟು ಮಾತಾಡ್ತವೆ."

"ನೀರಾನೆ ಮಾತಾಡೋ ಪರೀಕ್ಷೆ ನಾನೆಲ್ಲೂ ಕಂಡಿಲ್ಲಮ್ಮ. ಓಗೊಡದೆ ಕೂತ್ರೆ ಕತೆ ಹೇಳೋನಿಗೆ ಅವಮಾನ. ಮನೆ ಅಳಿಯಂಗೆ ನಾನು ಅವಮಾನ ಮಾಡ್ಲಾ?"

ಲಮೆಕ್ ತಲೆಯ ಮೇಲೆ ಕೈಹೊತ್ತ. ಎನೆಲೆಸಿ ಸೌಟು ಎತ್ತಿದಳು. "ಮುಂದೆ ಓದಿ ಥೋಕೊ ಅಪ್ಪ. ನೀರಾನೆ ಹೊಳೇಲೇ ಕೂತಿದೆ, ಇಲ್ಲಿ ಊಟ ಆರಿಹೋಗ್ತಿದೆ."

ಬೇರೆ ದಾರಿಯಿರಲಿಲ್ಲ. ದಿನವೂ ಒಲೆಯ ಮುಂದೆಯೇ ಅಭ್ಯಾಸ ನಡೆಯಿತು. ಉಚ್ಚಾರವೇನೋ ತಿದ್ದಿ ತೀಡಿದಂತಾಯಿತು. ಆದರೆ ಪ್ರತಿ ಪೂರ್ಣವಿರಾಮದಲ್ಲೂ ಅವನ ದನಿ ಮೇಲೇರಿ, ಬಸ್ಸಿಗೆ ಕಾದವರ ಹಾಗೆ ನಿಂತುಬಿಡುತ್ತಿತ್ತು.

ಪರೀಕ್ಷೆಯ ದಿನ ಮನೆಯವರೆಲ್ಲ ಹೊರಟರು. ಅತ್ತೆಯನ್ನು ಬೇಡವೆನ್ನಲು ಅಳಿಯನಿಗೆ ಅಧಿಕಾರವೆಲ್ಲಿ? ನಾವು ಕಿಟಕಿಯ ಹೊರಗೆ ನಿಂತೆವು. ಒಳಗೆ ಮುಖ್ಯೋಪಾಧ್ಯಾಯಿನಿ ಶ್ರೀಮತಿ ಲಿಕಗ್ವಾ ಕನ್ನಡಕ ಏರಿಸಿ ಕುಳಿತಿದ್ದರು.

ಲಮೆಕ್ ಮೊದಲ ವಾಕ್ಯವನ್ನು ಮುತ್ತಿನಂತೆ ಓದಿದ. ದನಿ ಎತ್ತಿದ. ನಿಂತ.

ಆಕೆ ಕಾದರು. ಅವನೂ ಕಾದ. ಮುಂದಿನ ಸಾಲು ಕಣ್ಣೆದುರಿಗೇ ಇತ್ತು. ನಾಲಿಗೆ ಮಾತ್ರ ಅಲುಗಲೊಲ್ಲದು. ಹಣೆಯ ಬೆವರು ಟೈ ಮೇಲೆ ಬಿತ್ತು.

"ಮುಂದೆ?" ಎಂದರು ಆಕೆ.

ಥೋಕೊ ಕಿಟಕಿಯ ಸರಳು ಹಿಡಿದು ಅಪ್ಪನನ್ನೇ ನೋಡುತ್ತಿದ್ದಳು. ಅವಳ ಬಾಯಿಂದ, ಪಿಸುಮಾತಿಗಿಂತ ಸ್ವಲ್ಪವೇ ಜೋರಾಗಿ, ಬಂತು: "ತಿಲಿ ತೊನ್ಸೆ."

ಲಮೆಕ್‌ಗೆ ಉಸಿರು ಬಂತು. ಎರಡನೆಯ ವಾಕ್ಯಕ್ಕೆ ಅಗೋಗೊ, ಎನೆಲೆಸಿ ಸೇರಿಕೊಂಡರು. ಆಮೇಲೆ ಅಡುಗೆಮನೆಯ ಹೆಂಗಸರು, ಗುಮಾಸ್ತ. ನೀರಾನೆ ಹೊಳೆಗೆ ಬೀಳುವ ಹೊತ್ತಿಗೆ ಸಾಕ್ಷಾತ್ ಶ್ರೀಮತಿ ಲಿಕಗ್ವಾ ಮೇಜು ಗುದ್ದಿ "ತಿಲಿ ತೊನ್ಸೆ!" ಎಂದರು, ಎಂದ ಮೇಲೆ ತಾವೇ ಬೆಚ್ಚಿ ಕನ್ನಡಕ ಸರಿಮಾಡಿಕೊಂಡರು.

"ಇಂಗ್ಲಿಷ್ ಕೆಲಸ ನಿಮಗೆ ಕೊಡೋಕಾಗಲ್ಲ. ಒಂದು ವಾಕ್ಯಾನೂ ನೆಲಕ್ಕೆ ಇಳೀಲಿಲ್ಲ," ಎಂದರು. ಥೋಕೊ ಸರಳು ಬಿಟ್ಟಳು. "ಆದ್ರೆ ನಮ್ಮ ಚಿಚೆವಾ ಭಾಷೆಗೂ ಒಬ್ರು ಮೇಷ್ಟ್ರು ಬೇಕು. ಆ ಪಾಠದಲ್ಲಿ ಹುಡುಗೀರೆಲ್ಲ ತೂಕಡಿಸ್ತಾರೆ. ಸೋಮವಾರ ಬರ್ತೀರಾ? ಮಗಳನ್ನೂ ಕರ್ಕೊಂಡು ಬನ್ನಿ."

ಲಮೆಕ್ ಟೈ ಬಿಚ್ಚಿ ಜೇಬಿಗಿಟ್ಟ. "ಓಗೊಟ್ಟಿದ್ದು ಯಾರು ಅಂತ ನಿನ್ನ ಗಂಡನ್ನ ಕೇಳು," ಎಂದಳು ಅಗೋಗೊ, ಬೆಟ್ಟವನ್ನು ನೋಡುತ್ತ.

ಈಗ ಥೋಕೊ ದೊಡ್ಡ ತರಗತಿಯಲ್ಲಿದ್ದಾಳೆ. ರಜೆಯಲ್ಲಿ ಮನೆಗೆ ಬಂದರೆ ಇಂಗ್ಲಿಷ್ ಓದಿನ ಪರೀಕ್ಷೆಗೆ ಅಭ್ಯಾಸ ನಡೆಯುತ್ತದೆ. ಅವಳ ದನಿ ವಾಕ್ಯದ ಕೊನೆಗೆ ಕೊಡ ಇಳಿಸಿದಂತೆ ಮೆಲ್ಲಗೆ ಇಳಿಯುತ್ತದೆ. ಆದರೆ ಲಮೆಕ್‌ಗೆ ಬಾಯಿ ಮುಚ್ಚಿಕೊಂಡು ಕೂರಲಾಗುವುದಿಲ್ಲ.

"ಅಮ್ಮಾ, ಅಪ್ಪಂಗೆ ಹೇಳು! ಇದು ಕತೆ ಅಲ್ಲ, ಪರೀಕ್ಷೆ!"

ಹೀಗಾಗಿ ಈ ದಿನಗಳಲ್ಲಿ ಸಂಜೆ ಹೋದರೆ ಲಮೆಕ್ ಮೇಷ್ಟ್ರು ಅಂಗಳದಲ್ಲಿ ನೆಲಗಡಲೆ ಸುಲಿಯುತ್ತ ಕುಳಿತಿರುತ್ತಾರೆ. ಒಳಗೆ ಒಂದು ವಾಕ್ಯ ಮುಗಿಯುತ್ತದೆ. ಹೊರಗೆ, ಮಗಳಿಗೆ ಕೇಳಿಸದಷ್ಟು ಮೆಲ್ಲಗೆ, "ತಿಲಿ ತೊನ್ಸೆ." ಸುತ್ತಲಿನ ಕೋಳಿಗಳು ಎದ್ದುಹೋಗುತ್ತವೆ.