ಕಾಲುವೆ ಆಫೀಸಿನ ಫೋನು ಮನೆಗೆ ಬಂದದ್ದು

ಕಾಲುವೆ ಆಫೀಸಿಗೆ ಇಂಟರ್ನೆಟ್ ಫೋನು ಬಂದ ದಿನ ಹೆಡ್ ಕ್ಲರ್ಕ್ ಅಮಾತೆಪ್ಪನವರು ಎಲ್ಲರೆದುರು ಪ್ರತಿಜ್ಞೆಯನ್ನೇ ಮಾಡಿಬಿಟ್ಟರು. ಇದನ್ನು ಕೂಡಿಸಲು ಕಲಬುರಗಿಯಿಂದ ಯಾರೂ ಬರಬೇಕಾಗಿಲ್ಲ, ತಾವೊಬ್ಬರೇ ಸಾಕು! ಮೊಬೈಲಿನಲ್ಲಿ ವಿಡಿಯೋ ನೋಡಿ ಮನೆಯ ಮಿಕ್ಸರ್ ರಿಪೇರಿ ಮಾಡಿದ ಅನುಭವ ಅವರಿಗಿತ್ತು. ಅಂದಿನಿಂದ ಮನೆಯಲ್ಲಿ ಚಟ್ನಿಯನ್ನು ಕಲ್ಲಿನ ಮೇಲೆ ಅರೆಯುತ್ತಿದ್ದರೆಂಬುದು ಬೇರೆ ಮಾತು.

ಆಫೀಸು ಇದ್ದದ್ದು ಶಹಾಪುರದ ಹತ್ತಿರ. ನೀರು ಯಾವಾಗ ಬಿಡುತ್ತೀರಿ, ಗೇಟು ಯಾಕೆ ಮುಚ್ಚಿದೆ ಎಂದು ಹಳ್ಳಿಗಳಿಂದ ಫೋನು ಬರುತ್ತಲೇ ಇರುತ್ತಿತ್ತು. ಎತ್ತುವವರು ಮಾತ್ರ ಕಡಿಮೆ. ಹೊಸ ಫೋನಿನಲ್ಲಿ ಆ ಕಷ್ಟವಿಲ್ಲ, ಯಂತ್ರವೇ ಎತ್ತಿ ಮಾತಾಡುತ್ತದೆ. ಅಮಾತೆಪ್ಪನವರು ಗಂಟಲು ಸರಿಮಾಡಿಕೊಂಡು, ರೇಡಿಯೋ ವಾರ್ತೆಯ ಗತ್ತಿನಲ್ಲಿ, "ಜಲಹರಿವಿನ ಮಾಹಿತಿಗಾಗಿ ಒಂದನ್ನು ಒತ್ತಿರಿ, ದೂರುಗಳಿಗಾಗಿ ಎರಡನ್ನು ಒತ್ತಿರಿ" ಎಂದು ದನಿ ತುಂಬಿಸಿದರು. ಎರಡನ್ನು ಒತ್ತಿದರೆ ಕರೆ ಎಲ್ಲಿಗಾದರೂ ಹೋಗಬೇಕಲ್ಲ? ಪರೀಕ್ಷೆಗೆಂದು ಭೀಮರಾಯನಗುಡಿ ಕ್ಯಾಂಪಿನ ತಮ್ಮ ಮನೆಯ ನಂಬರು ಹಾಕಿದರು. ಮನೆಯಲ್ಲಿ ಫೋನು ಬಡಿಯಿತು, ಹೆಂಡತಿ ರತ್ನಾಬಾಯಿ ಎತ್ತಿದರು. ಆ ಹಿಗ್ಗಿನಲ್ಲೇ, ಬೇರೆ ಯಾರೂ ಕೈಯಾಡಿಸಬಾರದೆಂದು, ಲೋಕದಲ್ಲಿ ಯಾರಿಂದಲೂ ಊಹಿಸಲಾಗದಂಥ ಪಾಸ್‌ವರ್ಡ್ ಇಟ್ಟು ಎದ್ದರು. ಮರುದಿನ ಮನೆಯ ನಂಬರು ತೆಗೆಯಲು ಕುಳಿತಾಗ ಅದನ್ನು ಅವರಿಂದಲೂ ಊಹಿಸಲಾಗಲಿಲ್ಲ.

ಹೆಂಡತಿಯ ಹೆಸರು ಹಾಕಿದರು, ಒಪ್ಪಲಿಲ್ಲ. ಮನೆದೇವರ ಹೆಸರು ಹಾಕಿದರು, ದೇವರೂ ಒಳಗೆ ಬಿಡಲಿಲ್ಲ. ಸಿಟ್ಟಿನಲ್ಲಿ ಫೋನಿನ ಪೆಟ್ಟಿಗೆಯ ತಂತಿಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚಿದರು. ಆಗ ಟೇಬಲ್ಲಿನ ಮೇಲಿದ್ದ ಫೋನೂ ಸತ್ತು, ಒಂದನ್ನು ಒತ್ತಿದವರ ಕರೆಗಳೂ ಅಮಾತೆಪ್ಪನವರ ಮನೆಯ ದಾರಿಯನ್ನೇ ಹಿಡಿದವು.

ಸಂಜೆ ಮನೆಗೆ ಬಂದರೆ ಒಲೆಯ ಮೇಲೆ ಬೇಳೆ ಸೀಯುತ್ತಿತ್ತು. ರತ್ನಾಬಾಯಿ ಫೋನು ಕಿವಿಗಿಟ್ಟುಕೊಂಡು ಕುಳಿತಿದ್ದರು. ಯಾರ ಜೊತೆ ಇಷ್ಟು ಮಾತು ಎಂದು ಇವರು ಕೇಳಿದರು.

"ನಿಮ್ಮ ಆಫೀಸಿನ ಕೆಲಸ ಮಾಡಾಕತ್ತೀನಿ" ಎಂದರು ಆಕೆ. "ಒಂದ ಒತ್ರಿ ಅಂದೀರಂತಲ್ಲ. ಒತ್ತಿ ಒತ್ತಿ ಬೆರಳ ಸವದಾವಂತ, ನೀರ ಬರವಲ್ದಂತ."

ಆಮೇಲೆ ವಿಷಯ ತಿಳಿಯಿತು. ಕಾಲುವೆಯ ತುದಿಯ ಹಳ್ಳಿಯ ಯಂಕಮ್ಮ ಎಂಬಾಕೆ ಫೋನು ಮಾಡಿದ್ದಳು. ಮೇಲಿನವರ ಹೊಲದಲ್ಲಿ ನೀರು ಮಡುಗಟ್ಟಿ ನಿಂತಿದೆ. ಅವಳ ಮೆಣಸಿನ ಗಿಡಗಳ ಹೂವು ಉದುರುತ್ತಿದೆ. ತುದಿಗೆ ನೀರು ಹರಿಯದಿರಲು ತಾಂತ್ರಿಕ ಕಾರಣಗಳಿರುತ್ತವೆ ಎಂದು ಅಮಾತೆಪ್ಪನವರು ವಿವರಿಸತೊಡಗಿದರು. ರತ್ನಾಬಾಯಿ ಪೂರ್ತಿ ಕೇಳಿಸಿಕೊಂಡರು.

"ಇದನ್ನ ಆಕಿಗಿ ಯಾವಾಗರೆ ಹೇಳೀರೇನು?"

ಹೇಳಿರಲಿಲ್ಲ.

"ಆಕಿ ಬೈಯಾಕ ಫೋನ್ ಮಾಡಿಲ್ಲ. ಆ ಕಡಿ ಮನುಷ್ಯಾರು ಅದಾರೇನಂತ ನೋಡಾಕ ಮಾಡ್ಯಾಳ."

ಅಮಾತೆಪ್ಪನವರು ಸೀದ ಬೇಳೆಯನ್ನೇ ಉಂಡರು. ಇಷ್ಟು ವರ್ಷ ಆಫೀಸಿನಲ್ಲಿ ಫೋನು ಬಡಿದುಕೊಂಡಾಗಲೆಲ್ಲ ಅವರಿಗೆ ಕೇಳಿಸಿದ್ದು ಬರಿಯ ಸದ್ದು. ಅದರ ಹಿಂದೆ ಹೊಲದ ಬದುವಿನ ಮೇಲೆ ನಿಂತ ಒಬ್ಬ ಹೆಂಗಸು ಇರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಮರುದಿನ ಇಂಜಿನಿಯರ್ ಬಸವಂತ್ರಾಯರ ಮುಂದೆ ನಿಂತು, ಪಾಸ್‌ವರ್ಡಿನ ಸಂಗತಿ ಬಿಟ್ಟು, ಯಂಕಮ್ಮನ ಸಂಗತಿಯನ್ನಷ್ಟೇ ಹೇಳಿದರು. ಸಾಹೇಬರು ಆಳು ಕಳಿಸಿದರು. ಯಾರೋ ಕಾಲುವೆಗೆ ಅಡ್ಡ ಪರಸಿಕಲ್ಲಿನ ಚಪ್ಪಡಿ ಇಟ್ಟಿದ್ದರು; ಅದನ್ನು ಎತ್ತಿಸಿದ ಮೇಲೆ ನೀರು ತುದಿ ಮುಟ್ಟಿತು. ಆ ಸುದ್ದಿ ಆಫೀಸಿಗಿಂತ ಮೊದಲು ಮನೆಗೆ ಬಂತು.

ಅಲ್ಲಿಂದ ಮನೆಯ ಫೋನಿಗೆ ಪುರುಸೊತ್ತೇ ಇಲ್ಲದಾಯಿತು. ನೀರಿನ ಜೊತೆಗೆ ಎಮ್ಮೆ ಕರು ಹಾಕಿದ್ದು, ಮಗಳಿಗೆ ವರ ನೋಡಿದ್ದು ಎಲ್ಲವೂ ಬಂದವು. ರತ್ನಾಬಾಯಿ ಊರೂರಿನ ದೂರುಗಳನ್ನು ನೆನಪಿಟ್ಟು ಗಂಡನಿಗೆ ಊಟಕ್ಕೆ ಮೊದಲು ಬಡಿಸುತ್ತಿದ್ದರು. ಅವರು ಅವನ್ನು ಸಾಹೇಬರಿಗೆ ಮುಟ್ಟಿಸುತ್ತಿದ್ದರು. ಈಚೆಗೆ ಆಫೀಸಿನ ಮುಂದೆ ಬಂದು ಕೂಗಾಡುವವರು ಕಡಿಮೆಯಾಗಿದ್ದಾರೆ ಎಂದು ಬಸವಂತ್ರಾಯರು ಹೊಸ ಯಂತ್ರವನ್ನು ಹೊಗಳಿದರು. ಅಮಾತೆಪ್ಪನವರು ತಲೆ ತಗ್ಗಿಸಿ ಆ ಹೊಗಳಿಕೆಯನ್ನು ಯಂತ್ರದ ಪರವಾಗಿ ಸ್ವೀಕರಿಸಿದರು.

ಆದರೆ ಮನೆಯಲ್ಲಿ ಬೇಳೆ ದಿನವೂ ಸೀಯತೊಡಗಿತು. ಕೊನೆಗೆ ಸೋಲೊಪ್ಪಿ ಕಲಬುರಗಿಗೆ ಹೇಳಿ ಕಳಿಸಿದರು. ಬಂದವನು ಪೆಟ್ಟಿಗೆಯ ಹಿಂದಿನ ತೂತಿಗೆ ಗುಂಡುಸೂಜಿ ಚುಚ್ಚಿ ಒತ್ತಿ ಹಿಡಿದ. ಎಲ್ಲ ಅಳಿಸಿ ಫೋನು ಹೊಸದರಂತಾಯಿತು. ಅಮಾತೆಪ್ಪನವರು ಈ ಸಲ ತಮ್ಮ ವಾರ್ತೆಯ ದನಿಯನ್ನು ತುಂಬಿಸಲಿಲ್ಲ. ಎಲ್ಲ ಕರೆಗಳೂ ನೇರ ತಮ್ಮ ಟೇಬಲ್ಲಿಗೇ ಬರುವಂತೆ ಮಾಡಿಸಿ, ಇನ್ನು ಮೇಲೆ ಪ್ರತಿಯೊಂದನ್ನೂ ತಾವೇ ಎತ್ತಬೇಕೆಂದು ನಿಶ್ಚಯಿಸಿ ಕುಳಿತರು.

ಫೋನು ಬಡಿಯಿತು. ಎತ್ತಿ, ಇದ್ದಬದ್ದ ಮೆದುವನ್ನೆಲ್ಲ ದನಿಗೆ ತಂದುಕೊಂಡು ಹೇಳ್ರಿ ಎಂದರು.

"ಅಕ್ಕಾರಿಲ್ಲೇನ್ರಿ?" ಸುರಪುರದ ಕಡೆಯ ಗಂಡು ದನಿ.

"ಇದು ಕಾಲುವಿ ಆಫೀಸು. ನಾ ಹೆಡ್ ಕ್ಲರ್ಕ್ ಮಾತಾಡಾಕತ್ತೀನಿ. ಏನ್ ಬೇಕಾದ್ರೂ ಹೇಳ್ರಿ."



"ಫೋನ್ ಆಫೀಸಿಗಿ ಹತ್ಯದೇನ್ರಿ?" ಎಂದಿತು ದನಿ, ಬಹಳ ವಿನಯದಿಂದ. "ತಪ್ಪಾತ್ರಿ. ರಾಂಗ್ ನಂಬರ್. ಇಡ್ರಿ."