ಅತ್ತೆಯ ನೇರಪ್ರ‘ಸಾರು’

ಅಳಿದುಹೋಗುತ್ತಿರುವ ರುಚಿಗಳನ್ನು ಉಳಿಸುವ ಹೊಣೆ ನನ್ನೊಬ್ಬನ ಹೆಗಲ ಮೇಲೇ ಬಿದ್ದಿದೆ ಎಂಬ ಮಹಾಸತ್ಯ ನನಗೆ ಹೊಳೆದದ್ದು ಒಂದು ಬೆಳಿಗ್ಗೆ, ಹಲ್ಲುಜ್ಜುತ್ತಿರುವಾಗ. ಅದೂ ಒಂದು ಜನಾಂಗದ ರುಚಿಯಲ್ಲ ಸ್ವಾಮಿ, ಎರಡು! ನಾನು ಹುಟ್ಟಿದ್ದು ಬ್ರಹ್ಮಪುತ್ರದ ದಂಡೆಯ ಮಿಸಿಂಗ್ ಬುಡಕಟ್ಟಿನ ಹಳ್ಳಿಯಲ್ಲಿ. ಮದುವೆಯಾಗಿ ಬಂದು ನೆಲೆಸಿದ್ದು ಮೈಬಾಂಗಿನ ಗುಡ್ಡದ ಮೇಲೆ, ದಿಮಾಸಾ ಹೆಂಡತಿಯ ತವರೂರಿನಲ್ಲಿ. ಹೊಟ್ಟೆ ತುಂಬಿಸಿದ್ದು ಮಿಸಿಂಗ್ ತಾಯಿ, ಬೊಜ್ಜು ತರಿಸಿದ್ದು ದಿಮಾಸಾ ಅತ್ತೆ. ಈ ಕೆಲಸಕ್ಕೆ ನನಗಿಂತ ಯೋಗ್ಯನನ್ನು ಇಡೀ ಅಸ್ಸಾಮಿನಲ್ಲಿ ಲಾಟೀನು ಹಿಡಿದು ಹುಡುಕಿದರೂ ಸಿಗುವುದು ನಾನೇ!

ಬಾಯಿ ತುಂಬ ನೊರೆ ಇಟ್ಟುಕೊಂಡೇ ಘೋಷಿಸಿದೆ. “ದೈಮಾಲೂ! ನಾನು ಎರಡು ಸಂಸ್ಕೃತಿಗಳನ್ನ ಉಳಿಸ್ತೀನಿ!”

“ಮೊದ್ಲು ಉಗುಳ್ರೀ,” ಎಂದಳು ಹೆಂಡತಿ. “ಉಳಿಸೋದು ಆಮೇಲೆ.”

ನಮ್ಮೂರಿನ ಸಮುದಾಯ ರೇಡಿಯೋದಲ್ಲಿ ನಾನು ಉದ್ಘೋಷಕ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ಕೋಣೆ, ಒಂದು ಆಂಟೆನಾ ಕಂಬ, ಒಬ್ಬರು ಮುಖ್ಯಸ್ಥೆ. ಮುಖ್ಯಸ್ಥೆ ಹಾಗ್ಜೇರ್ ಮೇಡಂ ಮುಂದೆ ನಾನು ಅಂದೇ ಯೋಜನೆ ಇಟ್ಟೆ. ಕಾರ್ಯಕ್ರಮದ ಹೆಸರು ‘ಎರಡು ಒಲೆ’. ದಿಮಾಸಾರ ಸುಗ್ಗಿಯ ಬುಸು ಹಬ್ಬಕ್ಕೆ ನನ್ನ ಅವ್ವ ನದಿಯ ಕಡೆಯಿಂದ ಬರುವವಳಿದ್ದಳು. ಅವ್ವ, ಅತ್ತೆ ಇಬ್ಬರನ್ನೂ ಒಂದೇ ಒಲೆಯ ಮುಂದೆ ಕೂರಿಸುವುದು; ಸಾಂಪ್ರದಾಯಿಕ ಅಡುಗೆ, ಬದುಕಿನ ಅನುಭವ ಎರಡನ್ನೂ ದಾಖಲಿಸುವುದು.

“ಒಳ್ಳೇದು. ರೆಕಾರ್ಡ್ ಮಾಡ್ಕೊಂಡು ಬನ್ನಿ,” ಎಂದರು ಮೇಡಂ.

“ರೆಕಾರ್ಡಾ? ಛೆ! ನೇರಪ್ರಸಾರ ಮೇಡಂ! ಕತ್ತರಿ ಇಲ್ಲ, ಅಂಟು ಇಲ್ಲ. ಸತ್ಯ, ಬಿಸಿಬಿಸಿ ಸತ್ಯ!”

ಸತ್ಯ ಎಷ್ಟು ಬಿಸಿಯಿರುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ.

ಇಲ್ಲಿ ಅತ್ತೆಯ ಒಂದು ಸಾರಿನ ಬಗ್ಗೆ ಹೇಳಲೇಬೇಕು. ನಾನು ಹೆಣ್ಣು ಕೇಳಲು ಮೊದಲ ಸಲ ಈ ಮನೆಗೆ ಬಂದಾಗ ಅತ್ತೆ ಬಡಿಸಿದ್ದು ಅದು. ಕಡುಗಪ್ಪು ಬಣ್ಣ. ಹಂದಿಮಾಂಸ, ಹಳೆಯ ಕಳಲೆ, ಒಣಮೀನು, ಬೂದಿಯಿಂದ ಇಳಿಸಿದ ಕ್ಷಾರದ ನೀರು, ಯಾವುದೋ ಕಹಿಸೊಪ್ಪು. ಮೇಲೆ, ಒಂದು ಕಚ್ಚಿದರೆ ತೀರಿಹೋದ ಅಜ್ಜ ಕಣ್ಣಮುಂದೆ ಬಂದು ನಿಲ್ಲುವಂಥ ನಮ್ಮ ಮೆಣಸಿನಕಾಯಿ, ಹಿಡಿಗಟ್ಟಲೆ! ನಾನು ಉಂಡೆ. ಕಣ್ಣು, ಮೂಗು, ಕಿವಿ ಎಲ್ಲೆಡೆಯಿಂದ ನೀರು. ಆದರೆ ಆಹಾ, ಆ ರುಚಿ! ಇನ್ನೊಂದಿಷ್ಟು ಹಾಕಿಸಿಕೊಂಡೆ. ಅಂದಿನಿಂದ ಪ್ರತಿ ಬುಸು ಹಬ್ಬಕ್ಕೂ ಅತ್ತೆ ನನಗೆಂದೇ ಆ ಸಾರು ಮಾಡುತ್ತಾರೆ. ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ. ಅಳಿಯನಿಗೆ ಮೀಸಲಾದ ಗೌರವವನ್ನು ಮುಟ್ಟುವುದು ಸರಿಯಲ್ಲವೆಂದು ಸುಮ್ಮನಿರುತ್ತಾರೆ ಎಂದುಕೊಂಡಿದ್ದೆ.

ಆ ವಾರವಿಡೀ ರೇಡಿಯೋದಲ್ಲಿ ಗುಡುಗಿದೆ. “ಕೇಳುಗರೇ! ಒಂದು ಕಾಲಕ್ಕೆ ದಿಮಾಸಾ ಅರಸರ ಅರಮನೆಯಲ್ಲಿ ಕುದಿಯುತ್ತಿದ್ದ ಸಾರು! ಇಂದು ಒಬ್ಬರೇ ಒಬ್ಬ ತಾಯಿಯ ಕೈಯಲ್ಲಿ ಉಳಿದಿರುವ ಸಾರು! ಭಾನುವಾರ ಬೆಳಿಗ್ಗೆ, ನನ್ನ ಮನೆಯ ಒಲೆಯಿಂದಲೇ!”

ಅರಸರ ಸಂಗತಿ ನನಗೆ ಹೇಳಿದವರು ಯಾರು? ಯಾರೂ ಇಲ್ಲ. ಅಂಥ ರುಚಿ ಅರಮನೆಯದಲ್ಲದೆ ಮತ್ತೆಲ್ಲಿಯದು ಎಂದು ನಾನೇ ತೀರ್ಮಾನಿಸಿದ್ದೆ.

ಅತ್ತೆ ನನ್ನ ಹಿಂದೆ ಹಿಂದೆ ಸುತ್ತತೊಡಗಿದರು. “ಅಳಿಯಂದ್ರೆ, ಆ ಸಾರಿನ ವಿಷ್ಯ ಒಂದು ಮಾತು...”

“ಈಗ ಬೇಡ ಅತ್ತೆ! ಮೈಕ್ ಮುಂದೆ ಹೇಳಿ. ಈಗಲೇ ಹೇಳಿಬಿಟ್ರೆ ಸಹಜತೆ ಹಾಳಾಗುತ್ತೆ.”

ಮರುದಿನ ಅಂಗಳದಲ್ಲಿ ಮತ್ತೆ. “ಅಲ್ಲ ಅಳಿಯಂದ್ರೆ, ಅದು ಅರಮನೇದು ಅಂತ ನೀವು ಊರಿಗೆಲ್ಲ...”

“ಮೈಕ್ ಅತ್ತೆ, ಮೈಕ್! ನಿಮ್ಮ ಎದೆಯಾಳದ ಮಾತು ಮೈಕಿಗೇ ಮೀಸಲಿರಲಿ!”

ದೈಮಾಲು ತಲೆ ತಗ್ಗಿಸಿ ಅಕ್ಕಿ ಆರಿಸುತ್ತಿದ್ದಳು. ಭುಜ ಕುಲುಕುತ್ತಿತ್ತು. ಸಂಸ್ಕೃತಿಯ ನೆನಪಿನಲ್ಲಿ ಅಳುತ್ತಿದ್ದಾಳೆ ಎಂದುಕೊಂಡು ಬೆನ್ನು ಸವರಿದೆ.

ಭಾನುವಾರ ಬಂತು. ಹಿಂದಿನ ದಿನವೇ ಅವ್ವ ಬಂದಿಳಿದಿದ್ದಳು. ಕೈಯಲ್ಲಿ ಒಣಮೀನನ್ನು ಕುಟ್ಟಿ ಒತ್ತಿ ತುಂಬಿದ ಬಿದಿರ ಕೊಳವೆ. ಅವ್ವ, ಅತ್ತೆ ಎಷ್ಟೋ ವರ್ಷಗಳ ಬೀಗಿತ್ತಿಯರು. ಆದರೆ ಅವರ ನಡುವೆ ನಡೆಯುತ್ತಿದ್ದ ಮಾತು ಇಷ್ಟೇ: “ಊಟ ಆಯ್ತಾ?” “ಆಯ್ತು.” ಇವರ ಭಾಷೆ ಅವರಿಗೆ ಬರದು, ಅವರದು ಇವರಿಗೆ ಬರದು, ಅರ್ಧ ಹಿಂದಿ, ಅರ್ಧ ಅಸ್ಸಾಮಿಯ ಬೆರಕೆ ಇಬ್ಬರಿಗೂ ಚೆನ್ನಾಗಿ ಬರುತ್ತಿದ್ದರೂ ಅದರಲ್ಲಿ ಅಷ್ಟೇ ಹೇಳಿ ಮುಗಿಸುತ್ತಿದ್ದರು. ಅಡುಗೆಮನೆಗೆ ಒಬ್ಬರು ಬಂದರೆ ಇನ್ನೊಬ್ಬರು ನಯವಾಗಿ ಎದ್ದುಹೋಗುತ್ತಿದ್ದರು. ಸಾರು ಕುದಿಯುತ್ತಿದ್ದ ಒಲೆಯ ಮುಂದೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದೆ. ಒಲೆಯ ಮೇಲೆ ಮಾಂಸ ಒಣಗಿಸುವ ಬಿದಿರಿನ ಅಟ್ಟಣಿಗೆ ತೂಗುತ್ತಿತ್ತು; ಅದರ ಕೆಳಗೆ ಮೈಕನ್ನು ಭದ್ರವಾಗಿ, ಗಂಟಿನ ಮೇಲೆ ಗಂಟು ಹಾಕಿ ಕಟ್ಟಿದೆ. ಬಿಚ್ಚಬೇಕಾದೀತೆಂದು ಯಾರು ಕನಸು ಕಂಡಿದ್ದರು?

ಸ್ಟೇಷನ್ನಿನಿಂದ ಮೇಡಂ ದನಿ ಇಯರ್‌ಫೋನಿನಲ್ಲಿ ನನ್ನ ಕಿವಿಗೆ ಬಂತು. “ಶುರು ಮಾಡಿ.”

“ನಮಸ್ಕಾರ ಕೇಳುಗರೇ! ಅತ್ತೆ, ಹೇಳಿ. ಈ ರಾಜಮನೆತನದ ಸಾರು ನಿಮಗೆ ಯಾವ ಹಿರಿಯರಿಂದ ಬಂತು?”

ಅತ್ತೆ ಮೈಕಿನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಗಂಟಲು ಸರಿಮಾಡಿಕೊಂಡರು.

“ಯಾರಿಂದ್ಲೂ ಬಂದಿಲ್ಲ. ನಾನೇ ಕಟ್ಟಿದ್ದು.”

“ಆಹಾ! ಸ್ವಂತ ಆವಿಷ್ಕಾರ!”

“ಇವರನ್ನ ಓಡಿಸೋಕೆ.”

ಒಲೆಯಲ್ಲಿ ಸೌದೆ ಚಟ್ಟೆಂದಿತು. ನನ್ನ ಎದೆಯಲ್ಲೂ ಏನೋ ಹಾಗೆಯೇ ಅಂದಿತು.

“ಯಾ... ಯಾರನ್ನ?”

“ನಿಮ್ಮನ್ನೇ ಅಳಿಯಂದ್ರೆ. ನನ್ನ ಮಗಳನ್ನ ಕೇಳೋಕೆ ಬಂದ್ರಲ್ಲ, ಈ ನದಿ ಕಡೆಯ ಮನುಷ್ಯ ಇನ್ನೊಂದ್ಸಲ ಗುಡ್ಡ ಹತ್ತಬಾರದು ಅಂತ ಮನೇಲಿದ್ದ ಕಹಿ, ಖಾರ, ಹುಳಿ, ಹಳಸಲು ಎಲ್ಲಾ ಒಂದೇ ಪಾತ್ರೆಗೆ ಸುರಿದೆ. ದಿಮಾಸಾರು ಯಾರೂ ಕಳಲೆಗೆ ಆ ಸೊಪ್ಪು ಹಾಕಲ್ಲ. ಅದನ್ನ ನಾವು ಹಂದಿಗೂ ಹಾಕಲ್ಲ!”

ಕೆಳಗಿನ ಬಜಾರಿನ ಪ್ರತಿ ಚಹಾದಂಗಡಿಯಲ್ಲೂ ಈ ಹೊತ್ತಿಗೆ ನಮ್ಮ ರೇಡಿಯೋ ಹಾಡುತ್ತಿರುತ್ತದೆ! ಹೆಂಡತಿಯತ್ತ ತಿರುಗಿ ಪಿಸುಗುಟ್ಟಿದೆ. “ನಿಂಗೆ ಗೊತ್ತಿತ್ತಾ?”

“ಮನೇಲಿ ಎಲ್ರಿಗೂ ಗೊತ್ತು ರೀ. ನಾಯಿಗೂ ಗೊತ್ತು. ಅದಕ್ಕೇ ಅದು ಮೂಸಲ್ಲ.”

ಆಕೆ ಪಿಸುಗುಟ್ಟಲಿಲ್ಲ. ಮೈಕಿಗೆ ಸರಿಯಾಗಿ ಕೇಳುವ ಹಾಗೆ ಹೇಳಿದಳು!

ನಾನು ಮೈಕಿಗೆ ಹಾರಿದೆ. ಗಂಟು ಬಿಚ್ಚಲಿಲ್ಲ. ಕೆಳಗೆ ಬೆಂಕಿ, ಮೇಲೆ ಮಾನ. ಕುಪ್ಪಳಿಸಿ ಎಳೆದ ರಭಸಕ್ಕೆ ಅಟ್ಟಣಿಗೆ ವಾಲಿ, ಹೊಗೆ ಹಿಡಿದ ಮಾಂಸದ ತುಂಡುಗಳು ಒಂದೊಂದಾಗಿ ನನ್ನ ತಲೆಯ ಮೇಲೆ ಉದುರಿದವು. ಕಿವಿಯಲ್ಲಿ ಮೇಡಂ ಕಿರುಚಿದರು.

“ಮೈಕ್ ಮುಟ್ಟಿದ್ರೆ ಕೆಲಸದಿಂದ ತೆಗೀತೀನಿ! ಬಿಡಿ ಅವರನ್ನ, ಮಾತಾಡ್ಲಿ! ಇಷ್ಟು ವರ್ಷದಲ್ಲಿ ಮೊದಲ್ನೇ ಸಲ ನಿಮ್ಮ ಕಾರ್ಯಕ್ರಮ ನಾನು ಪೂರ್ತಿ ಕೇಳ್ತಿದೀನಿ!”

ಮುಳುಗುವವನು ತಾಯಿಯ ಕಡೆ ನೋಡುವುದು ಸಹಜ. ಅವ್ವನ ಬಳಿ ಒಂದು ಕಥೆಯಿತ್ತು. ನಾನು ಕೂಸಾಗಿದ್ದಾಗ ಬಂದ ದೊಡ್ಡ ನೆರೆಯಲ್ಲಿ ಅವಳು ಪ್ರಾಣವನ್ನೇ ಪಣಕ್ಕಿಟ್ಟು ನನ್ನನ್ನು ದೋಣಿಗೆ ಸೇರಿಸಿದ ಕಥೆ. ಆ ಕಥೆಯನ್ನು ನಾನು ರೇಡಿಯೋದಲ್ಲಿ ಎಷ್ಟು ಸಲ ಹೇಳಿ ಗದ್ಗದಿತನಾಗಿದ್ದೆನೋ! ಇದೇ ನನ್ನನ್ನು ಮೇಲೆತ್ತಬೇಕು.

“ಅವ್ವಾ! ಆ ನೆರೆಯ ರಾತ್ರಿ ನೀನು ಮನೆಯಿಂದ ಮೊಟ್ಟಮೊದಲು ಯಾರನ್ನು ಎತ್ತಿಕೊಂಡೆ, ಹೇಳು!”

“ಹಂದೀನ.”

“...ಏನು?”

“ಹೆಣ್ಣುಹಂದಿ ಕಣೋ. ಬಸುರಿ. ಬಿಟ್ಟು ಬರೋಕಾಗುತ್ತಾ?”

“ಆಮೇಲೆ ನನ್ನನ್ನ?”

“ಆಮೇಲೆ ಕೋಳಿಗಳನ್ನ.”

“ಆಮೇಲೆ?”

“ತಾಳೋ, ನೆನಪು ಮಾಡ್ಕೋತೀನಿ. ಹಾಂ, ಕುಟ್ಟಿದ ಮೀನಿನ ಕೊಳವೆ. ಆಮೇಲೆ ನೀನು. ನೀನು ಮೇಲಿನ ಅಟ್ಟದಲ್ಲಿ ಬುಟ್ಟೀಲಿ ಅಳ್ತಿದ್ದೆ. ಅಳೋ ಮಗು ಎಲ್ಲಿದೆ ಅಂತ ಗೊತ್ತಿರುತ್ತೆ. ಹಂದಿ ತಪ್ಪಿಸ್ಕೊಂಡ್ರೆ ಎಲ್ಲಿ ಹುಡುಕ್ಲಿ?”

ಅತ್ತೆ ನಕ್ಕರು. ಮುಗುಳ್ನಗೆಯಲ್ಲ, ಹೊಟ್ಟೆ ಹಿಡಿದುಕೊಂಡು, ಪಕ್ಕದಲ್ಲಿದ್ದ ಅವ್ವನ ತೊಡೆಗೆ ಬಡಿದು ನಕ್ಕರು. ಅವ್ವನೂ ನಗತೊಡಗಿದಳು. ಇಷ್ಟು ವರ್ಷ “ಊಟ ಆಯ್ತಾ” ಎಂದಷ್ಟೇ ಅಂದುಕೊಂಡಿದ್ದ ಇಬ್ಬರು ಹೆಂಗಸರು ನನ್ನ ಮಾನದ ಮೇಲೆ ಕುಳಿತು ನಗುತ್ತಿದ್ದರು!

ನಗು ಇಳಿದ ಮೇಲೆ ಅವ್ವ ಕೇಳಿದಳು. “ಬೀಗಿತ್ತಿ, ನನ್ನ ಮಗನ ಮೇಲೆ ಅಂಥಾ ಕೋಪ ಯಾಕಿತ್ತು?”

ಅತ್ತೆ ಸೌದೆಯನ್ನು ಒಳಗೆ ತಳ್ಳಿದರು. “ಕೋಪ ಅಲ್ಲ ಬೀಗಿತ್ತಿ, ಹೆದರಿಕೆ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಕುಲ ಬರೋದು ತಾಯಿಯಿಂದ. ನಮ್ಮಮ್ಮನ ಮಗ್ಗ, ಸರ, ಹೆಸರು ನಂಗೆ ಬಂತು. ನನ್ನದು ಇವಳಿಗೆ. ಇವಳೊಬ್ಬಳೇ ಮಗಳು. ನದಿ ದಂಡೇಲಿ ನೆಲಾನೇ ನಿಲ್ಲಲ್ಲ ಅಂತಿದ್ರು. ನೆಲ ಇಲ್ಲದ ಕಡೆ ನನ್ನ ಮಗಳು ಒಲೆ ಎಲ್ಲಿ ಹೂಡ್ತಾಳೆ?”

ಅವ್ವ ತನ್ನ ಬಿದಿರ ಕೊಳವೆಯನ್ನು ಮಡಿಲಿಗೆ ಎಳೆದುಕೊಂಡಳು. “ನಿಲ್ಲಲ್ಲ, ನಿಜ. ನಾನು ಮದುವೆಯಾಗಿ ಕಾಲಿಟ್ಟ ಮನೆ ಇದ್ದ ಜಾಗದಲ್ಲಿ ಈಗ ಮೀನು ಓಡಾಡ್ತವೆ. ಪ್ರತಿ ಸಲ ಮನೆ ಕಟ್ಟೋವಾಗ ಮೊದ್ಲು ಒಲೆ ಎಲ್ಲಿ ಅಂತ ನೋಡ್ತೀನಿ. ನೀವು ಹೆದರಿದ್ದು ಸರಿ ಬೀಗಿತ್ತಿ. ನಂಗೆ ಮಗಳಿದ್ದಿದ್ರೆ ನಾನೂ ಹಿಡಿ ಮೆಣಸಿನಕಾಯಿ ಹಾಕ್ತಿದ್ದೆ.”

“ಆದ್ರೆ ಇವರು ಉಂಡ್ರು,” ಎಂದರು ಅತ್ತೆ. “ಕಣ್ಣೀರು ಸುರಿಸ್ಕೊಂಡು ಉಂಡು ಇನ್ನೂ ಹಾಕಿ ಅಂದ್ರು. ಆಗ ಅಂದ್ಕೊಂಡೆ, ಇದನ್ನ ಉಂಡವನು ಇನ್ನು ಯಾವುದಕ್ಕೂ ಹೆದರಿ ನನ್ನ ಮಗಳನ್ನ ಬಿಟ್ಟು ಓಡಲ್ಲ ಅಂತ.”

ತಲೆಯ ಮೇಲಿನ ಮಾಂಸದ ತುಂಡನ್ನು ತೆಗೆಯುವುದನ್ನೂ ಮರೆತು ನಾನು ಕುಳಿತಿದ್ದೆ. ಈಗಲಾದರೂ ಒಂದು ಭಾವಪೂರ್ಣ ಮಾತಾಡಿ ಮುಗಿಸೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಸೌಟು ತೆಗೆದುಕೊಂಡು ಸಾರಿನ ರುಚಿ ನೋಡಿದಳು.

“ಥೂ! ಥೂ! ನೀರು! ಇದನ್ನ ಇವನು ಇಷ್ಟಪಟ್ಟು ತಿಂತಾನಾ? ಬೀಗಿತ್ತಿ, ನೀವು ಇದನ್ನ ಪರೀಕ್ಷೆ ಅಂದ್ಕೊಂಡ್ರಿ, ಇವನು ಚಿಕ್ಕವನಿದ್ದಾಗ ಒಲೆ ಬೂದೀನೇ ತಿಂತಿದ್ದ!”

ಕಾರ್ಯಕ್ರಮ ಅಲ್ಲಿಗೆ ಮುಗಿಯಿತು. ರುಚಿ ದಾಖಲಾಯಿತೋ ಇಲ್ಲವೋ, ನನ್ನ ನಾಲಗೆ ಎಂಥದೆಂಬುದಂತೂ ಶಾಶ್ವತವಾಗಿ ದಾಖಲಾಯಿತು.

ಮರುದಿನ ರಾಜೀನಾಮೆಯ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಸ್ಟೇಷನ್ನಿಗೆ ಹೋದೆ. ಮೇಡಂ ಫೋನಿನಲ್ಲಿದ್ದರು. ಇನ್ನೊಂದು ಫೋನು ಬಡಿದುಕೊಳ್ಳುತ್ತಿತ್ತು.

“ಕೂತ್ಕೊಳ್ಳಿ. ‘ಎರಡು ಒಲೆ’ ಇನ್ಮೇಲೆ ಪ್ರತಿ ಭಾನುವಾರ. ನಿಮ್ಮ ಅವ್ವ ಹಬ್ಬ ಮುಗಿದ ಮೇಲೂ ಇರ್ತಾರೆ, ನಾನೇ ಕೇಳಿಕೊಂಡೆ. ಅವರಿಬ್ಬರೇ ಮಾತಾಡ್ಲಿ.”

“ಮತ್ತೆ ನಾನು?”

“ನೀವು ಸೌದೆ ಹಾಕಿ. ಸದ್ದಿಲ್ಲದೆ.”

ಆಮೇಲೆ ಗೊತ್ತಾಯಿತು, ಫೋನುಗಳೆಲ್ಲ ಆ ಸಾರು ಮಾಡುವ ವಿಧಾನ ಕೇಳಲು! ನಮ್ಮ ಗುಡ್ಡದಲ್ಲಿ ಎಷ್ಟೊಂದು ಬೇಡದ ಭಾವೀ ಅಳಿಯಂದಿರಿದ್ದರೆಂದು ಊರಿಗೆ ಅಂದೇ ತಿಳಿದದ್ದು. ಬಜಾರಿನಲ್ಲಿ ಒಣಮೀನು ಮಾರುವ ನೈಸೋದಿ ಅಕ್ಕನಂತೂ ಮನೆಗೇ ಬಂದರು. ಟಾಟಾ ಸುಮೋ ಓಡಿಸುವ ಹುಡುಗನೊಬ್ಬ ಅವರ ಮಗಳನ್ನು ಕೇಳಲು ಬರುವವನಿದ್ದನಂತೆ. ಅತ್ತೆ ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಅವ್ವ ತನ್ನ ಕೊಳವೆಯಿಂದ ಒಂದು ಮುಷ್ಟಿ ಕುಟ್ಟಿದ ಮೀನನ್ನೂ ಕೊಟ್ಟು ಕಳಿಸಿದಳು, ಇನ್ನಷ್ಟು ಕೆಡಲಿ ಎಂದು.

ಕೆಲವು ದಿನಗಳ ಮೇಲೆ ನೈಸೋದಿ ಅಕ್ಕ ಸಿಡಿಮಿಡಿಗೊಂಡು ಬಂದರು. ಹಿಂದೆಯೇ ಆ ಹುಡುಗ. ತುಟಿ ಊದಿತ್ತು, ಕಣ್ಣು ಕೆಂಪಾಗಿತ್ತು, ಮುಖದಲ್ಲಿ ಮಾತ್ರ ಗೆದ್ದ ಕಳೆ.

“ಇವನು ರೇಡಿಯೋ ಕೇಳಿದ್ದನಂತೆ!” ಎಂದು ಅಕ್ಕ ಗುಡುಗಿದರು. “ಪಾತ್ರೆ ಬಳಿದು ಉಂಡ! ಈಗ ನಾನು ಮಗಳನ್ನ ಕೊಡಲೇಬೇಕಾಯ್ತು. ಇನ್ನು ಮದುವೆ ಓಡಾಟ ಎಲ್ಲಾ ನಿಮ್ಮ ಅಳಿಯನ ಹೆಗಲಿಗೇ!”

ನನಗೆ ಅಭಿಮಾನ ಉಕ್ಕಿತು. ನನ್ನಂಥ ಇನ್ನೊಬ್ಬ! ಒಂದೇ ಬೆಂಕಿಯಲ್ಲಿ ಹಾದು ಬಂದವರು ನಾವು! ಹುಡುಗನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದುಕೊಂಡು ಹೋದೆ.

“ನೋಡು ತಮ್ಮಾ, ಜನ ಏನಾದ್ರೂ ಅನ್ಲಿ. ನಮ್ಮಿಬ್ಬರಿಗೆ ಗೊತ್ತು. ಆ ಸಾರು... ಏನು ರುಚಿ, ಅಲ್ವಾ?”

ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಊದಿದ ತುಟಿಯಲ್ಲೇ, ದೆವ್ವ ಕಂಡವನಂತೆ ನನ್ನನ್ನು ನೋಡುತ್ತಾ ಕೇಳಿದ.

“ಭಾವಾ, ನಾನು ಉಂಡಿದ್ದು ಹುಡುಗಿಗೋಸ್ಕರ. ನೀವು... ನೀವು ರುಚಿಗೋಸ್ಕರ ಉಂಡ್ರಾ?!”