ಕಟ್ಟಿನ ಸಾರು, ಕಣಕುಂಬಿಯ ನೀರು ಮತ್ತು ನನ್ನ ಮೇಲಿನ ಸಂಶಯ

ಹಲವು ಕಂಪ್ಯೂಟರುಗಳನ್ನು ಕೂಡಿಸಿ ಒಂದೇ ಲೆಕ್ಕ ಮಾಡಿಸುವುದು ನನ್ನ ಸಂಶೋಧನೆ. ಕೇಳಿದವರಿಗೆಲ್ಲ ಇದರಲ್ಲಿ ಏನೋ ಕಳ್ಳತನವಿದೆ ಅನಿಸುತ್ತದೆ. ಸಂಶಯ ಪಡುವವರಿಗೆ ನಾನು ಪಾಠ ಮಾಡುವ ಬೆಳಗಾವಿಯಲ್ಲೂ ಬರವಿಲ್ಲ, ಗಂಡನ ಮನೆಯಿರುವ ಖಾನಾಪುರದಲ್ಲೂ ಬರವಿಲ್ಲ. ಹೆಸರಿನ ಮುಂದೆ ಡಾಕ್ಟರ್ ಅಂತ ಸೇರಿದ ಮೇಲೂ ಇದು ತಪ್ಪಿಲ್ಲ.

೧. ಉಪಕಾರ

ಕಾಲೇಜಿನ ಲ್ಯಾಬಿನಲ್ಲಿ ಎಲ್ಲ ಕಂಪ್ಯೂಟರುಗಳಿಗೂ ಲೆಕ್ಕ ಹಂಚಿ ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಒಂದನ್ನು ಬಿಟ್ಟು ಎಲ್ಲವೂ ಬಂದ್. ಅಟೆಂಡರ್ ಕಾಕಾ ಬಾಗಿಲಲ್ಲೇ ನಿಂತಿದ್ದರು.

"ಯಾರೂ ಕುಂತಿಲ್ಲ, ಎಲ್ಲಾ ಮಷಿನ್ ಗುಂಯ್ ಅಂತಾವು. ಏನ್ ನಡಿಸೀರಿ ಮೇಡಂ?"

"ಎಲ್ಲಾ ಕೂಡಿ ಒಂದ ಲೆಕ್ಕಾ ಮಾಡಾಕತ್ತಿದ್ವು ಕಾಕಾ!"

"ಒಂದ ಲೆಕ್ಕಾ ಅಲ್ಲರಿ? ಅದಕ್ಕ ಒಂದ ಮಷಿನ್ ಬಿಟ್ಟೇನಿ."

೨. ನೀರು ಎಲ್ಲಿ ಹೋಯಿತು?

ನನ್ನ ಲೆಕ್ಕ ಗೋವಾದ ಗಡಿಯಲ್ಲಿರುವ ಕಾಡೂರು ಕಣಕುಂಬಿಯ ಮಳೆಯದು; ಅಲ್ಲಿ ಬಿದ್ದ ನೀರಿನಲ್ಲಿ ಎಷ್ಟೋ ಪಾಲು ಗೋವಾಕ್ಕೇ ಹರಿದುಹೋಗುತ್ತದೆ. ಕಾಡನ್ನು ಚೂರು ಚೂರು ಮಾಡಿ, ಒಂದೊಂದು ಚೂರಿನ ನೀರನ್ನು ಕಂಪ್ಯೂಟರಿನ ಒಂದೊಂದು ಕೋರ್‌ಗೆ, ಅಂದರೆ ಅದರೊಳಗೇ ಬೇರೆ ಬೇರೆಯಾಗಿ ಲೆಕ್ಕ ಮಾಡುವ ಒಂದೊಂದು ಭಾಗಕ್ಕೆ, ವಹಿಸಿ, ಕೊನೆಗೆ ಒಟ್ಟು ಕೂಡಿಸಬೇಕು. ಕೆಲಸವೇನೋ ಬೇಗ ಮುಗಿಯಿತು. ಆದರೆ ಓಡಿಸಿದಷ್ಟು ಸಲವೂ ಒಟ್ಟು ಬೇರೆ, ಪ್ರತಿಸಲವೂ ನೀರು ಕಡಿಮೆ.

ಆಗಿನ್ನೂ ಪಿಎಚ್‌ಡಿ ಮುಗಿದಿರಲಿಲ್ಲ; ಗೈಡ್ ಸರ್ ಸಹಿ ಹಾಕದೆ ನನ್ನ ಪ್ರಬಂಧ ಮುಂದೆ ಹೋಗುವಂತಿರಲಿಲ್ಲ. ಅವರೋ, ಸಂತೆಯಲ್ಲಿ ಕೊತ್ತಂಬರಿ ಕಟ್ಟನ್ನೂ ಬಿಚ್ಚಿಸಿ ನೋಡುವವರು. ಪರದೆ ನೋಡಿದರು, ನನ್ನ ಮುಖ ನೋಡಿದರು.

"ಅಂಕಿ ನೀವ ಬರದ ಹಾಕೀರೇನ್ರಿ?"

"ಇಲ್ರಿ ಸರ್, ಖರೇನ ಅದ ಕೂಡಸತೈತಿ."

"ಹಂಗಾರ ಉಳಿದ ನೀರ ಎಲ್ಲಿ ಹೋತು? ನಿಮ್ಮ ಕಂಪ್ಯೂಟರಿನ್ಯಾಗಿಂದನೂ ಗೋವಾಕ್ಕ ಹರೀತೇನು?"

೩. ಉಪ್ಪು

ಆ ಭಾನುವಾರ ಖಾನಾಪುರದಲ್ಲಿ ಹೋಳಿಗೆ. ಸೊಸೆಯಂದಿರೆಲ್ಲ ಒಟ್ಟಿಗೇ ಅಡುಗೆಗೆ ಇಳಿಯಬೇಕೆಂಬುದು ಅತ್ತೆಯ ಕಾನೂನು. ಕಟ್ಟಿನ ಸಾರು ಬಾಯಿಗಿಟ್ಟರೆ ಬರೀ ಉಪ್ಪು. ಹಿರಿಯ ನೆಗೆಣಿ ಕಿರಿಯಳನ್ನು ಕೆಕ್ಕರಿಸಿ ನೋಡಿದಳು, ಕಿರಿಯಳು ಹಿರಿಯಳನ್ನು. ವಿಚಾರಣೆ ನಡೆದಾಗ ಸಂಗತಿ ಹೊರಬಿತ್ತು. ಇಬ್ಬರೂ ರುಚಿ ನೋಡಿದ್ದಾರೆ, ಇಬ್ಬರಿಗೂ ಸಪ್ಪೆ ಅನಿಸಿದೆ. ಒಬ್ಬಳು ಕಪಾಟಿನಿಂದ ಡಬ್ಬಿ ತರುವಷ್ಟರಲ್ಲಿ ಇನ್ನೊಬ್ಬಳು ಒಲೆ ಬಳಿಯ ಬಟ್ಟಲಿನಿಂದ ಹಾಕಿದ್ದಾಳೆ. ಡಬ್ಬಿ ತಂದವಳು ಮತ್ತೆ ರುಚಿ ನೋಡದೆ ತನ್ನದನ್ನೂ ಸುರಿದಿದ್ದಾಳೆ.

ನಾನು ಚಪ್ಪಾಳೆ ತಟ್ಟಿ ನಕ್ಕುಬಿಟ್ಟೆ. ನನ್ನ ಕೋರ್‌ಗಳದ್ದೂ ಇದೇ ರೋಗ! ಎರಡು ಕೋರ್ ಒಂದೇ ಹೊತ್ತಿಗೆ ಹಳೆಯ ಒಟ್ಟನ್ನು ನೋಡಿಕೊಳ್ಳುತ್ತವೆ, ತಂತಮ್ಮ ಪಾಲು ಕೂಡಿಸಿ ಬರೆಯುತ್ತವೆ. ಆಮೇಲೆ ಬರೆದದ್ದು ಮೊದಲು ಬರೆದದ್ದನ್ನು ಅಳಿಸಿಬಿಡುತ್ತದೆ. ಇಲ್ಲಿ ಉಪ್ಪು ಹೆಚ್ಚಾಯಿತು, ಅಲ್ಲಿ ನೀರು ಕಡಿಮೆಯಾಯಿತು. ತಿಂಗಳುಗಟ್ಟಲೆಯ ಸಂಕಟ ಇಳಿದು ಹಗುರಾದೆ.

ಅತ್ತೆ ನನ್ನನ್ನೇ ನೋಡುತ್ತಿದ್ದರು.

"ಸಾರ ಕೆಟ್ಟಿದ್ದಕ್ಕ ಇಷ್ಟ ಖುಷಿ ಪಡತಾಳಂದ್ರ, ಉಪ್ಪ ಹಾಕಿದಾಕಿ ಇಕೀನ."

೪. ಸಹಿ

ಪ್ರೋಗ್ರಾಮಿಗೆ ಬೀಗ ಹಾಕಿದೆ. ಒಂದು ಕೋರ್ ಒಟ್ಟನ್ನು ಮುಟ್ಟಿದರೆ, ಅದು ಬರೆದು ಮುಗಿಸುವ ತನಕ ಉಳಿದವು ಕಾಯಬೇಕು. ಗೈಡ್ ಸರ್ ಫೋನಿನಲ್ಲಿ ನಂಬಲಿಲ್ಲ, ಕಣ್ಣಾರೆ ನೋಡುತ್ತೇನೆಂದು ಮುಂದಿನ ಭಾನುವಾರ ಖಾನಾಪುರಕ್ಕೇ ಬಂದರು.

ಅಡುಗೆಮನೆಗೂ ಅತ್ತೆ ಬೀಗ ಹಾಕಿದ್ದರು. ಸೌಟು, ಉಪ್ಪಿನ ಡಬ್ಬಿ ಎರಡೂ ಕೈಯಲ್ಲಿದ್ದವಳೇ ಉಪ್ಪು ಹಾಕಬೇಕು. ಹಿರಿಯಳು ಸೌಟು ಹಿಡಿದಳು, ಕಿರಿಯಳು ಡಬ್ಬಿ ಹಿಡಿದಳು.

"ಡಬ್ಬಿ ಕೊಡ."

"ಮೊದಲ ಸೌಟ ಕೊಡ್ರಿ ವೈನಿ."

ಇಬ್ಬರೂ ಬಿಡಲಿಲ್ಲ. ಸಾರು ಕುದಿದು ಕುದಿದು ತಳ ಕಂಡಿತು. ಕೊನೆಗೆ ಅತ್ತೆ ಎರಡನ್ನೂ ಕಿತ್ತುಕೊಂಡು ತಾವೇ ಹಾಕಿದರು.

ಪಡಸಾಲೆಯಲ್ಲಿ ನನ್ನ ಲ್ಯಾಪ್‌ಟಾಪ್ ಮಾತ್ರ ಮಾನ ಉಳಿಸಿತು. ಒಟ್ಟು ಸರಿಯಾಗಿ ಬಂತು. "ಮತ್ತೊಮ್ಮೆ ಓಡಸ್ರಿ," ಅಂದರು ಸರ್. ಅದೇ ಉತ್ತರ. ಮತ್ತೊಮ್ಮೆ. ಅದೇ. ಸರ್ ಪೆನ್ನಿನ ಕ್ಯಾಪ್ ತೆಗೆದರು. ನಾನು ಪ್ರಬಂಧವನ್ನು ಅವರ ಮುಂದೆ ಸರಿಸಿದೆ. ಸರ್ ಕ್ಯಾಪ್ ಮತ್ತೆ ಹಾಕಿದರು.

"ಆಗ ಪ್ರತಿಸಲಾನೂ ಬ್ಯಾರೆ ಬರತಿತ್ತು. ಈಗ ಪ್ರತಿಸಲಾನೂ ಅದ ಬರತೈತಿ. ಉತ್ತರಾ ಮೊದಲ ಬರದ ಇಟ್ಟೀರೇನ್ರಿ?"

ತಡೆಯಲಾರದೆ ಗೊಳ್ಳನೆ ನಕ್ಕುಬಿಟ್ಟೆ.

ಒಳಗಿನಿಂದ ಅತ್ತೆ ಕೂಗಿದರು: "ಸಹಿ ಹಾಕಬ್ಯಾಡ್ರಿ ಸರ್! ಉಪ್ಪ ಹೆಚ್ಚಾದಾಗೂ ಹಿಂಗ ನಕ್ಕಿದ್ಲು!"